ಹಳೇ ಕಟ್ಟೆಯ ತೀರ್ಪು

ಗುರುಲಿಂಗಮ್ಮಕ್ಕ ಸೂಜಿ ಹಾಕಿಸಿಕೊಳ್ಳುವುದಿಲ್ಲವೆಂದು ಓಣಿಯ ನಡುವೆ ನಿಂತು ಹೇಳಿದಾಗ ನಾನು ನಮ್ಮ ಕಟ್ಟೆಯ ಮೇಲೆ ಕುಂತು ತೊಗರಿಬೇಳೆ ಹಸನು ಮಾಡುತ್ತಿದ್ದೆ. ಎರಡನೇ ಸಲ ಲಾಕ್‌ಡೌನ್ ಬಿದ್ದ ವರ್ಷ ಅದು. ಕಾರಹುಣ್ಣಿಮೆಗೆ ಇನ್ನೂ ಎರಡು ವಾರ ಇತ್ತು. ಆಶಾ ಕಾರ್ಯಕರ್ತೆ ನಾಜಿಯಾ ಕೈಯಲ್ಲಿ ಪಟ್ಟಿ ಹಿಡಿದುಕೊಂಡು, ಶುಕ್ರವಾರ ಶಾಲೆಯಲ್ಲಿ ಸೂಜಿ ಹಾಕುತ್ತಾರೆ, ನಲವತ್ತೈದು ದಾಟಿದವರೆಲ್ಲ ಬರಬೇಕು ಅಂತ ಮನೆಮನೆಗೆ ಹೇಳುತ್ತ ಬಂದಿದ್ದಳು.

"ನಂದು ಹೆಸರು ಹೊಡದು ಹಾಕವ್ವ," ಅಂದಳು ಗುರುಲಿಂಗಮ್ಮಕ್ಕ. "ಅದು ಚುಚ್ಚಿಸ್ಕೊಂಡವರು ಎರಡು ವರ್ಷದಾಗ ಹೋಗ್ತಾರಂತ. ತಹಸೀಲ್ದಾರರೇ ಬಂದು ಕುಂತರೂ ನಾ ಒಲ್ಲೆ."

"ಅಮ್ಮಾ, ನಾ ಹಾಕ್ಕೊಂಡು ನಾಕು ತಿಂಗಳಾತ್ರಿ. ನಿಂತೀನಲ್ಲ ನಿಮ್ಮ ಮುಂದ."

"ನಿಂದು ಇನ್ನಾ ಇಪ್ಪತ್ತು ತಿಂಗಳು ಅದ ಬಿಡು."

ನಾಜಿಯಾ ನನ್ನ ಕಡೆ ನೋಡಿದಳು. ಈಕೆಯನ್ನು ನೀನೇ ನೋಡಿಕೋ ಅನ್ನುವ ನೋಟ ಅದು. ನಾನು ಬೇಳೆಯೊಳಗಿನ ಕಲ್ಲು ಆರಿಸುತ್ತಲೇ ಇದ್ದೆ. ಗುರುಲಿಂಗಮ್ಮಕ್ಕನ ಹತ್ತಿರ ಅವಸರದಿಂದ ಯಾವ ಕೆಲಸವೂ ಆಗುವುದಿಲ್ಲ. ಆಕೆಯ ಎದುರುಮನೆಯಲ್ಲಿ ಮೂವತ್ತೆರಡು ವರ್ಷ ಇದ್ದು ನಾನು ಕಲಿತದ್ದು ಅಷ್ಟು.

ಆದರೆ ಒಳಗೊಳಗೇ ನನಗೆ ಹೆದರಿಕೆ ಹತ್ತಿತ್ತು. ಆಕೆಗೆ ಅರವತ್ತೆಂಟು ವಯಸ್ಸು, ಸಕ್ಕರೆ ಕಾಯಿಲೆ, ಮೆಟ್ಟಿಲು ಹತ್ತಿದರೆ ದಮ್ಮು. ಆ ತಿಂಗಳು ನಮ್ಮ ಶಹಾಬಾದಿನ ಓಣಿಗಳಲ್ಲಿ ನಿನ್ನೆ ಕಟ್ಟೆಯ ಮೇಲೆ ಕುಂತಿದ್ದವರು ಇವತ್ತು ಇರುತ್ತಿರಲಿಲ್ಲ. ಆಕೆ ಇಲ್ಲದ ಓಣಿಯಲ್ಲಿ ಸಂಜೆ ಹೇಗೆ ಕಳೆಯಬೇಕು ಅಂತ ಒಮ್ಮೆ ಯೋಚನೆ ಮಾಡಿದೆ. ಎರಡನೇ ಸಲ ಮಾಡಲಿಲ್ಲ.

ನಾವಿಬ್ಬರೂ ದಿನಾ ಸಂಜೆ ಚೌಕಾಬಾರ ಆಡುತ್ತಿದ್ದೆವು. ಇಪ್ಪತ್ತೈದು ಮನೆ, ನಾಲ್ಕು ಕವಡಿ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕವಡಿ ಎಷ್ಟು ಬೀಳುತ್ತದೋ ಅಷ್ಟು ಮನೆ ಕಾಯಿ ನಡೆಯಬೇಕು. ಸುತ್ತು ಹಾಕಿಕೊಂಡು ನಟ್ಟನಡುವಿನ ಮನೆಗೆ ಮುಟ್ಟಿದರೆ ಕಾಯಿ ಹಣ್ಣಾಯಿತು. ನಾಲ್ಕೂ ಮೊದಲು ಹಣ್ಣು ಮಾಡಿದವರು ಗೆದ್ದರು. ನಡುದಾರಿಯಲ್ಲಿ ಒಬ್ಬರ ಕಾಯಿಯ ಮೇಲೆ ಇನ್ನೊಬ್ಬರ ಕಾಯಿ ಬಂದರೆ ಮೊದಲಿನದು ಹೊಡೆಸಿಕೊಂಡು ಮತ್ತೆ ಹುಟ್ಟಿದ ಮನೆಯಿಂದ ಹೊರಡಬೇಕು.

ಮನೆಗಳನ್ನು ಇಪ್ಪತ್ತೆರಡು ವರ್ಷದ ಹಿಂದೆ ಗುರುಲಿಂಗಮ್ಮಕ್ಕನ ಕಟ್ಟೆಯ ಫರಸಿ ಕಲ್ಲಿನ ಮೇಲೆ ಕಡೆದುಕೊಟ್ಟವರು ನಮ್ಮ ಮನೆಯವರು, ಭಗವಂತ. ಮೂವತ್ತು ವರ್ಷ ಫರಸಿ ಖಣಿಯಲ್ಲಿ ಉಳಿ ಹಿಡಿದ ಕೈ ಅವರದು. ಮೊದಲಿನ ಹತ್ತು ವರ್ಷ ನಾನು ಕೆಳಗಿನ ಮೆಟ್ಟಿಲ ಮೇಲೆ ಕುಂತು ಕೈ ಮೇಲೆ ಚಾಚಿ ಆಡಿದೆ. ಅವರು ಅಯ್ಯನವರ ಮನೆಯವರು, ಜಂಗಮರು; ನಾವು ದಲಿತರು, ಬೌದ್ಧರಾದವರು. ಯಾರೂ ಕೆಳಗೆ ಕುಂದ್ರು ಅಂದಿರಲಿಲ್ಲ, ಯಾರೂ ಮೇಲೆ ಬಾ ಅಂತಲೂ ಅಂದಿರಲಿಲ್ಲ. ಒಂದು ದಿನ ಆಕೆಯೇ, "ಅನಸು, ನಿನ್ನ ಕಾಯಿ ನೋಡ್ಲಿಕ್ಕ ಬಗ್ಗಿ ಬಗ್ಗಿ ನನ್ನ ಕುತಗಿ ಹಿಡಕೊಂಡದ. ಮ್ಯಾಲ ಬಂದು ಕುಂದ್ರು," ಅಂದಳು. ಅವತ್ತಿನಿಂದ ಮೇಲೆ. ಹೀಗಾಗಿ ಕೊರೋನಾ ಬಂದು, ಎಲ್ಲರೂ ಅಂತರ ಕಾಯ್ದುಕೊಳ್ಳಿ ಅಂತ ಆಟೋದ ಮೇಲೆ ಮೈಕು ಕಟ್ಟಿಕೊಂಡು ಸಾರಿದಾಗ ನನಗೆ ಅಂಥ ಹೊಸ ಮಾತು ಅನ್ನಿಸಲಿಲ್ಲ. 'ಎಲ್ಲರೂ' ಅಂದದ್ದೊಂದೇ ಹೊಸದು.

ಪೊಲೀಸರು ಬಂದು ಒಂದೇ ಕಟ್ಟೆಯ ಮೇಲೆ ಇಬ್ಬರು ಕೂಡಬಾರದು ಅಂತ ಹೇಳಿಹೋದ ಮರುದಿನ ನಮ್ಮ ಮನೆಯವರು ಉಳಿ, ಸುತ್ತಿಗೆ ತೆಗೆದು ನಮ್ಮ ಕಟ್ಟೆಯ ಮೇಲೂ ಇಪ್ಪತ್ತೈದು ಮನೆ ಕಡೆದರು. ಓಣಿ ಹನ್ನೆರಡು ಹೆಜ್ಜೆ ಅಗಲ, ನಡುವೆ ಅಂತರಕ್ಕೆಂದು ಹಾಕಿದ ಸುಣ್ಣದ ಗೆರೆ. ಆಕೆ ಅಲ್ಲಿ, ನಾನು ಇಲ್ಲಿ. ಆಕೆ ಕವಡಿ ಹಾಕಿ, "ಮೂರು, ಬಿಳಿ ಕಲ್ಲಿಗಿ," ಅಂತ ಕೂಗುವಳು. ನಾನು ನಮ್ಮ ಕಟ್ಟೆಯ ಮೇಲೆ ಆಕೆಯ ಬಿಳಿ ಕಲ್ಲನ್ನು ಮೂರು ಮನೆ ನಡೆಸುವೆನು. ನಾನು, "ಎರಡು, ಹಸರು ಬಳಿಗಿ," ಅಂದರೆ ಆಕೆ ಅಲ್ಲಿ ನನ್ನ ಹಸಿರು ಬಳೆಚೂರು ನಡೆಸುವಳು. ಆಟ ಒಂದೇ, ಕಟ್ಟೆ ಎರಡು.

ಓಣಿಯವರಿಗೆ ಬೇರೆ ಕೆಲಸ ಎಲ್ಲಿತ್ತು. ಐದು ಗಂಟೆಯಾದರೆ ತಮ್ಮ ತಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಂದ್ರುತ್ತಿದ್ದರು. ಬಿಳಿ ಕಲ್ಲು ಹೊಡೆಸಿಕೊಂಡರೆ ಮೂರು ಮನೆಯಾಚೆಯಿಂದ ಯಾರೋ "ಅಯ್ಯಯ್ಯ" ಅನ್ನುವರು. ಜ್ವರ ಬಂದು ಒಳಗೆ ಮಲಗಿದವರೂ ಕಿಟಕಿಯಿಂದ, "ಯಾರ್ದು ಮುಂದ ಅದ?" ಅಂತ ಕೇಳುವರು.

ಯಾರದು ಮುಂದೆ ಅಂತ ಕೇಳುವ ಅಗತ್ಯವೇನೂ ಇರಲಿಲ್ಲ. ಇಪ್ಪತ್ತೆರಡು ವರ್ಷ ನಾನು ಸೋತುಕೊಂಡೇ ಬಂದಿದ್ದೆ. ಆಕೆಯ ಕೈಗೆ ಕವಡಿ ಒಲಿದದ್ದು ಖರೆ. ಇನ್ನೊಂದು ಮಾತು, ಸೆರಗು ಸರಿಮಾಡಿಕೊಳ್ಳುವ ನೆವದಲ್ಲಿ ಆಕೆಯ ಕಾಯಿ ಕೆಲವೊಮ್ಮೆ ಒಂದು ಮನೆ ಹೆಚ್ಚಿಗೆ ನಡೆಯುತ್ತಿತ್ತು. ನೋಡಿದರೂ ನಾನು ಸುಮ್ಮನಿರುತ್ತಿದ್ದೆ. ಸಂಜೆ ಕಳೆಯಬೇಕಲ್ಲ.

ನಾಜಿಯಾ ಹೋದ ಮೇಲೆ ನಾನು ದಿನಕ್ಕೊಂದು ಸಲ ಸೂಜಿಯ ಮಾತು ತೆಗೆದೆ. ಸೋಮವಾರ, "ಅಕ್ಕಾ, ನಾ ಬಾಜೂಕ ನಿಂದ್ರತೀನ್ರಿ," ಅಂದೆ. ಆಕೆ ಕವಡಿ ಹಾಕಿ ನಾಲ್ಕು ಅಂದಳು. ಮಂಗಳವಾರ, "ಮೊಮ್ಮಗಳ ಮಾರಿ ನೋಡ್ಬೇಕೋ ಬ್ಯಾಡೋ?" ಅಂದೆ. ಆಕೆಯ ಸೊಸೆ, ಮಗ ಮಹೇಶನ ಹೆಂಡತಿ ಶಿವರಂಜನಿ, ಬಾಣಂತನಕ್ಕೆ ಚಿತ್ತಾಪುರದ ತವರುಮನೆಯಲ್ಲಿದ್ದಳು. ಹೆಣ್ಣು ಕೂಸು ಹುಟ್ಟಿ ಮೂರು ತಿಂಗಳು. ಗುರುಲಿಂಗಮ್ಮಕ್ಕ ಕೂಸನ್ನು ನೋಡಿದ್ದು ಫೋನಿನಲ್ಲಷ್ಟೆ. ಕೇಳಿದವರಿಗೆಲ್ಲ ಬಸ್ಸಿಲ್ಲ ಅನ್ನುತ್ತಿದ್ದಳು.

ಆ ಮಾತಿಗೆ ಆಕೆ ಕವಡಿ ಕೆಳಗಿಟ್ಟಳು. ಆಮೇಲೆ ಓಣಿಗೆಲ್ಲ ಕೇಳುವಂತೆ, "ಅನಸು, ದಿನಾ ತಲಿ ತಿನ್ನಬ್ಯಾಡ. ನಾಳಿಗಿ ಒಂದೇ ಆಟ ಆಡೂಣು. ನೀ ಗೆದ್ರ ನಾ ಶುಕ್ರವಾರ ಸೂಜಿ ಹಾಕ್ಕೋತೀನಿ. ನಾ ಗೆದ್ರ ನೀ ಜೀವ ಇರೋತನಾ ಸೂಜಿ ಹೆಸರು ಎತ್ತಬಾರದು. ಆಗ್ತದೇನು?" ಅಂದಳು.

ಓಣಿ ನಕ್ಕಿತು. ನಮ್ಮ ಮನೆಯವರು ಒಳಗಿನಿಂದ, "ಬ್ಯಾಡ ಅನ್ನು, ನಿನಗ ಆಟ ಬರಲ್ಲ," ಅಂದರು. ನನಗೂ ಗೊತ್ತಿತ್ತು. ಆದರೆ ಶುಕ್ರವಾರಕ್ಕೆ ಮೂರೇ ದಿನ ಉಳಿದಿತ್ತು, ಬೇರೆ ದಾರಿ ಇರಲಿಲ್ಲ. "ಆಗ್ತದ್ರಿ," ಅಂದೆ.

ಆಕೆಯ ಗಂಡ ಮಡಿವಾಳಯ್ಯ ಮಾಸ್ತರರು ನಿವೃತ್ತರಾಗಿ ಹತ್ತು ವರ್ಷವಾದರೂ ಬರಹದ ಚಟ ಬಿಟ್ಟಿರಲಿಲ್ಲ. ಕಾಗದ, ಪೆನ್ನು ತಂದು ಕರಾರು ಬರೆದರು. ಒಂದು, ಕವಡಿಯ ಎಣಿಕೆಯನ್ನು ಆಡುವವರು ಕೂಗತಕ್ಕದ್ದಲ್ಲ. ಆ ಕಟ್ಟೆಗೆ ಮಡಿವಾಳಯ್ಯ, ಈ ಕಟ್ಟೆಗೆ ಭಗವಂತ ನಿಂತು ಕೂಗತಕ್ಕದ್ದು. ಎರಡು, ಸೋತವರು ತಕರಾರು ತೆಗೆಯತಕ್ಕದ್ದಲ್ಲ. ಇಷ್ಟಕ್ಕೆ ಮುಗಿಸುವವರಿದ್ದರು. ಗುರುಲಿಂಗಮ್ಮಕ್ಕ, "ಇನ್ನೊಂದು ಬರೀರಿ," ಅಂದಳು. "ಎರಡು ಕಟ್ಟಿ ಆಟ ಹೊಂದದಿದ್ರ ಹಳೇ ಕಟ್ಟಿದೇ ಖರೆ ಅಂತ ಬರೀರಿ."

ಹಳೇ ಕಟ್ಟೆ ಅಂದರೆ ಆಕೆಯದು. ಅಲ್ಲಿ ಆಕೆಯ ಸೆರಗು ಏನೇನು ಮಾಡೀತೋ ಅಂತ ನನಗೆ ದಿಗಿಲಾಯಿತು. ಆದರೂ ಸಹಿ ಮಾಡಿದೆ. ಸಹಿ ಕಲಿಸಿದವರೇ ಮಡಿವಾಳಯ್ಯ ಮಾಸ್ತರರು, ರಾತ್ರಿ ಶಾಲೆಯಲ್ಲಿ, ಕಂದೀಲಿನ ಮುಂದೆ. ಅವರ ಎದುರಿಗೆ ಸಹಿ ಹಾಕುವಾಗ ಈಗಲೂ ನನ್ನ ಕೈ ಸಾವಕಾಶ ಆಗುತ್ತದೆ. "ಸುಳಿ ಚೊಲೊ ಬಂದದ," ಅಂದರು ಅವರು.

ಮರುದಿನ ಐದಕ್ಕೆ ಆಟ ಶುರುವಾಯಿತು. ನಾಜಿಯಾ ಕೂಡ ಪಟ್ಟಿ ಹಿಡಿದುಕೊಂಡು ಸುಣ್ಣದ ಗೆರೆಯ ಆಚೆ ನಿಂತಳು.

ನನ್ನ ಕವಡಿ ಆ ದಿನ ಮಾಡಿದ್ದನ್ನು ಶತ್ರುವಿನ ಕವಡಿಯೂ ಮಾಡಬಾರದು. "ಒಂದು," ಅನ್ನುವರು ನಮ್ಮ ಮನೆಯವರು. ಮತ್ತೆ "ಒಂದು". ಅನ್ನುತ್ತ ಅನ್ನುತ್ತ ಅವರ ದನಿ ನಾಚಿಕೆಯಿಂದ ಸಣ್ಣದಾಯಿತು. "ಕೂಗು ಭಗವಂತ, ಕೇಳಲ್ಲ," ಅನ್ನುವರು ಮಾಸ್ತರರು ಆಚೆಯಿಂದ. ಗುರುಲಿಂಗಮ್ಮಕ್ಕ ಹಾಕಿದರೆ ಮಾಸ್ತರರು ಹಾಜರಿ ಕೂಗಿದ ಹಾಗೆ, "ಬಾರಾ, ಎಂಟು," ಅನ್ನುವರು. ಮತ್ತೊಂದು ಕೈ, "ಚೌಕಾ, ನಾಲ್ಕು."

ಆದರೆ ಎಂಟು ಬಿದ್ದಾಗಲೆಲ್ಲ ಆಕೆಯ ಮಾರಿ ಬಾಡುತ್ತಿತ್ತು. ನನಗದು ವಿಚಿತ್ರ ಕಂಡಿತು. ಇನ್ನೂ ಒಂದು ವಿಚಿತ್ರ. ನನ್ನ ಹಸಿರು ಬಳೆ ಆಕೆಯ ಕಾಯಿಯ ಮುಂದೆ ಎರಡೇ ಮನೆ ದೂರದಲ್ಲಿ ಇತ್ತು, ಆಕೆಗೆ ಎರಡೇ ಬಿತ್ತು. ಹೊಡೆಯಬಹುದಿತ್ತು. ಆಕೆ ಹೊಡೆಯದೆ ಬೇರೆ ಕಾಯಿ ನಡೆಸಿದಳು.

"ಏ ಹೊಡಿ, ಹೊಡಿ," ಅಂದರು ಮಾಸ್ತರರು.

"ನೀವು ಕವಡಿ ಎಣಸ್ರಿ ಸಾಕು. ಕಾಯಿ ನಂದು."

"ಎದುರಿಗೇ ಅದಲ್ಲ."

"ಪಾಪ, ವಯಸ್ಸಾದಕಿ," ಅಂದಳು ಆಕೆ. ಆಕೆ ನನಗಿಂತ ಎರಡು ವರ್ಷ ದೊಡ್ಡವಳು.

ಅಷ್ಟೊತ್ತಿಗೆ ಆಕೆಯ ಮನೆಯೊಳಗೆ ಫೋನು ರಿಂಗಾಯಿತು. ಮಾಸ್ತರರು ಒಳಗೆ ಹೋದರು. ಅವರು ಬರುವತನಕ ಆಕೆ ಬಗ್ಗಿ ಬಗ್ಗಿ ತನ್ನ ಕಟ್ಟೆ ಒರೆಸಿದಳು, ಸೆರಗು ಸರಿಮಾಡಿಕೊಂಡಳು, ಮತ್ತೆ ಒರೆಸಿದಳು. ನಾನು ಮನಸ್ಸಿನಲ್ಲೇ, ಮುಗೀತು ಅಂದುಕೊಂಡೆ. ಸೆರಗು ಕೆಲಸಕ್ಕೆ ಇಳಿಯಿತು.

ಮಾಸ್ತರರು ಬಂದರು. ಇಬ್ಬರದೂ ಮೂರು ಮೂರು ಕಾಯಿ ಹಣ್ಣಾಗಿದ್ದವು. ನಮ್ಮ ಕಟ್ಟೆಯ ಪ್ರಕಾರ ಆಕೆಯ ಬಿಳಿ ಕಲ್ಲಿಗೆ ಎರಡು ಮನೆ ಬಾಕಿ, ನನ್ನ ಹಸಿರು ಬಳೆಗೆ ನಾಲ್ಕು. ಕೈ ಆಕೆಯದು. ಆಕೆ ಕವಡಿಯನ್ನು ಅಂಗೈಯಲ್ಲಿ ಭಾಳ ಹೊತ್ತು ಹೊರಳಾಡಿಸಿ ಹಾಕಿದಳು.

"ಎರಡು," ಅಂದರು ಮಾಸ್ತರರು.

ನಾನು ನಮ್ಮ ಕಟ್ಟೆಯ ಮೇಲೆ ಆಕೆಯ ಬಿಳಿ ಕಲ್ಲನ್ನು ಎತ್ತಿ ನಡುವಿನ ಮನೆಯಲ್ಲಿ ಇಟ್ಟೆ. ಶುಕ್ರವಾರ ಹೋಯಿತು. ಇನ್ನು ಸೂಜಿಯ ಹೆಸರು ಎತ್ತುವಂತಿಲ್ಲ. ಈಕೆಗೆ ಏನಾದರೂ ಆದರೆ ನಾನು ಇಲ್ಲಿಂದಲೇ ನೋಡಬೇಕು. ತಲೆ ಎತ್ತಿ, "ಗೆದ್ರಿ ಅಕ್ಕಾ. ನಿಮ್ಮ ಕಾಯಿ ಹಣ್ಣಾತು," ಅಂದೆ.

"ಎಲ್ಲಿ ಹಣ್ಣಾತು?" ಅಂದಳು ಗುರುಲಿಂಗಮ್ಮಕ್ಕ. "ನಂದು ಇನ್ನಾ ಹೊರಗಿನ ಸುತ್ತಿನಾಗ ಅದ. ನಿಂದೇ ಹಣ್ಣಾಗಿ ಎಷ್ಟೊತ್ತಾತು. ನೀ ಗೆದ್ದಿ."

ಓಣಿಯಲ್ಲಿ ಒಂದು ಕುರ್ಚಿ ಕಿರ್ ಅಂದಿತು.

"ನಾ ಎಲ್ಲಿ ಗೆದ್ದೀನ್ರಿ? ನಂದು ನಾಕು ಮನಿ ಬಾಕಿ ಅದ."

"ಇಲ್ಲಿ ಬಂದು ನೋಡು. ನಡುಮನ್ಯಾಗ ಕುಂತದ ನಿನ್ನ ಹಸರು ಬಳಿ."

"ಅದಕ್ಕೇನು ಕಾಲು ಬಂದ್ವೇನ್ರಿ? ನಾಕು ಬೀಳದ ಹ್ಯಾಂಗ ಹೋಯ್ತು?"

"ನನಗೇನು ಕೇಳ್ತಿ. ನಿನ್ನ ಕಾಯಿ, ನೀ ಕೇಳು."

"ಅಕ್ಕಾ, ಗೆದ್ದವರು ನೀವು."

"ಸೋತಾಕಿ ನಾನು. ಸೋತೀನಿ ಅಂದ್ರ ಸೋತೀನಿ. ನನಗ ಸುಳ್ಳಿ ಅಂತಿಯೇನು?"

ಇಪ್ಪತ್ತೆರಡು ವರ್ಷ ನಾವು ಜಗಳ ಆಡಿದ್ದೇವೆ. ನೀ ಗೆದ್ದಿ, ಇಲ್ಲ ನೀ ಗೆದ್ದಿ ಅಂತ ಆಡಿದ್ದು ಅದೇ ಮೊದಲು. ಓಣಿಯವರು ಆ ಕಟ್ಟೆ, ಈ ಕಟ್ಟೆ ನೋಡುತ್ತ ಬಾಯಿ ತೆರೆದು ಕುಂತಿದ್ದರು. ನಾನು ದಿನಾ ಬೆಳಿಗ್ಗೆ ಪಂಚಶೀಲ ಹೇಳುವವಳು. ಸುಳ್ಳು ಆಡುವುದಿಲ್ಲ ಅನ್ನುವುದು ಅದರಲ್ಲಿ ನಾಲ್ಕನೆಯದು. ಕಣ್ಣೆದುರಿಗೆ ಸೋತು, ಗೆದ್ದೆ ಅಂತ ಹೇಗೆ ಅನ್ನಲಿ? ಈ ಅಕ್ಕನ ಸೆರಗು ಈ ಸಲ ತಪ್ಪಿ ನನ್ನ ಕಾಯಿ ನೂಕಿರಬೇಕು, ತೋರಿಸಿಕೊಡುತ್ತೇನೆ ಅಂತ ಎದ್ದು ಸುಣ್ಣದ ಗೆರೆಯತನಕ ನಡೆದೆ.

ಅಲ್ಲಿಂದ ಆಕೆಯ ಬಾಗಿಲೊಳಗೆ ಕಾಣುತ್ತದೆ. ಹೊಸ್ತಿಲಿನ ಹಿಂದೆ ಒಂದು ಚೀಲ ಬಾಯಿ ಕಟ್ಟಿ ತಯಾರಾಗಿತ್ತು. ಅದರ ಮೇಲೆ ಅಂಟಿನುಂಡೆಯ ಡಬ್ಬಿ. ಡಬ್ಬಿಯ ಮೇಲೆ ಮಡಚಿದ ಒಂದು ಕೌದಿ, ಮೊಳ ಉದ್ದದ್ದು. ಅಂಚಿಗೆ ಕೆಂಪು ಚುಂಗು. ಅಷ್ಟು ಸಣ್ಣ ಕೌದಿ ಕೂಸಿಗಷ್ಟೇ ಹೊದಿಸುತ್ತಾರೆ.

ನಾನು ನೋಡಿದ್ದನ್ನು ಗುರುಲಿಂಗಮ್ಮಕ್ಕ ನೋಡಿದಳು. ಕುಂತಲ್ಲಿಂದಲೇ ಕಾಲು ಚಾಚಿ ಬಾಗಿಲು ನೂಕಿ ಮುಚ್ಚಿದಳು. ಆಮೇಲೆ ನನ್ನ ಕಡೆ ಒಮ್ಮೆ ನೋಡಿದಳು. ಆ ನೋಟ ನನಗೆ ಗೊತ್ತು. ಹತ್ತು ವರ್ಷ ಕೆಳಗೆ ಕುಂತವಳನ್ನು ಮೇಲೆ ಕರೆದ ದಿನವೂ ಹಾಗೇ ನೋಡಿದ್ದಳು, ಕುತ್ತಿಗೆ ನೋವು ಅನ್ನುತ್ತ.

ಆಕೆಯ ಸೆರಗು ತಪ್ಪಿ ನೂಕಿರಲಿಲ್ಲ.

"ಕರಾರಿನ ಪ್ರಕಾರ," ಅಂತ ಮಾಸ್ತರರು ಕಾಗದ ಬಿಚ್ಚಿದರು, "ಎರಡು ಕಟ್ಟೆಯ ಆಟ ಹೊಂದದಿದ್ದರೆ ಹಳೆಯ ಕಟ್ಟೆಯ ಆಟವೇ ಖರೆ. ಹಳೆಯ ಕಟ್ಟೆಯ ಮೇಲೆ ಅನಸುಬಾಯಿ ಗೆದ್ದಿದ್ದಾಳೆ. ಏನಂತಿ ಅನಸುಬಾಯಿ?"

ಓಣಿಯೆಲ್ಲ ನನ್ನ ಬಾಯಿ ನೋಡಿತು. ಹಿಂದಿನಿಂದ ನಮ್ಮ ಮನೆಯವರು ಮೆಲ್ಲಗೆ, "ಗೆದ್ದೀನಿ ಅಂತ ಅನಬ್ಯಾಡ. ಕಾಗದದ ಮ್ಯಾಲಿನ ಸಹಿ ನಂದು ಅಂತ ಅನ್ನು. ಅದಂತೂ ಖರೆ ಅದಲ್ಲ," ಅಂದರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವರು ಕೊಟ್ಟ ಬುದ್ಧಿಗಳಲ್ಲಿ ಇದೊಂದು ಕೆಲಸಕ್ಕೆ ಬಂತು.

"ಸಹಿ ನಂದೇ ಅದ ರೀ ಮಾಸ್ತರೆ," ಅಂದೆ.

"ಮುಗೀತು," ಅಂದಳು ಗುರುಲಿಂಗಮ್ಮಕ್ಕ, ಓಣಿಯ ಆ ತುದಿಗೂ ಕೇಳುವ ಹಾಗೆ. "ನನಗ ಮನಸ್ಸಿಲ್ಲ, ಎಲ್ಲಾರೂ ಕೇಳ್ರಿ. ಆದ್ರ ಮಾತು ಕೊಟ್ಟೀನಿ. ಕೊಟ್ಟ ಮಾತಿಗಿ ತಪ್ಪೋ ಮನೆತನ ನಮ್ಮದಲ್ಲ. ನಾಜಿಯಾ, ಬರಕೊ ನನ್ನ ಹೆಸರು."

"ನಾ ಹೊಡದೇ ಇಲ್ರಿ ಅಮ್ಮಾ," ಅಂದಳು ನಾಜಿಯಾ. "ಪೆನ್ಸಿಲಲೆ ಒಂದು ಗೆರಿ ಎಳದಿದ್ದೆ ಅಷ್ಟೆ."

ಶುಕ್ರವಾರ ಶಾಲೆಗೆ ಇಬ್ಬರೂ ಕೂಡಿಯೇ ಹೋದೆವು, ಮೂರು ಹೆಜ್ಜೆ ಅಂತರ ಬಿಟ್ಟು. ಕುರ್ಚಿಯ ಮೇಲೆ ಕುಂತ ಕೂಡಲೇ ಆಕೆ ಎರಡು ಸಲ ಸೆರಗು ಸರಿಮಾಡಿಕೊಂಡಳು. "ಅನಸು, ಎಲ್ಲಿದ್ದಿ?" ಅಂದಳು ಕಣ್ಣು ಮುಚ್ಚಿ. ಅಂತರ ಗಿಂತರ ಬಿಟ್ಟು ನಾನು ಕೈ ಹಿಡಿದೆ. ಆಕೆ ಹಿಚುಕಿದ್ದಕ್ಕೆ ನನ್ನ ಎರಡು ಬಳೆ ಒಡೆದವು. ನರ್ಸಮ್ಮ, "ಆತು, ಏಳ್ರಿ," ಅಂದಾಗ ಆಕೆ, "ಇನ್ನಾ ಚುಚ್ಚೇ ಇಲ್ಲಲ್ಲ," ಅಂದಳು.

ನಾನೂ ಹಾಕಿಸಿಕೊಂಡ ಮೇಲೆ ಅರ್ಧ ತಾಸು ಅಲ್ಲೇ ಕೂಡಬೇಕು ಅಂದರು. ಶಾಲೆಯ ಪಡಸಾಲೆಯಲ್ಲಿ ಕೂಡಿಸಿದರು. ಗುರುಲಿಂಗಮ್ಮಕ್ಕ ಮೂಲೆಯಲ್ಲಿ ಬಿದ್ದಿದ್ದ ಸೀಮೆಸುಣ್ಣದ ತುಣುಕು ಹುಡುಕಿ ತಂದು ಫರಸಿಯ ಮೇಲೆ ಇಪ್ಪತ್ತೈದು ಮನೆ ಗೀಚಿದಳು. ಕವಡಿ ಸೊಂಟದ ಚೀಲದಲ್ಲೇ ಇದ್ದವು. ನನ್ನ ಒಡೆದ ಬಳೆಯ ಚೂರು ನನ್ನ ಕಾಯಿ ಆದವು.

"ಸೊಸಿ ಏನಂದಿದ್ಳು?" ಅಂತ ಕೇಳಿದೆ.

"ಅತ್ತೀ, ಸೂಜಿ ಹಾಕ್ಕೊಂಡ ಮ್ಯಾಲ ಬರ್ರಿ, ಇಲ್ಲಂದ್ರ ಕೂಸಿನ್ನ ಫೋನಿನ್ಯಾಗೇ ನೋಡ್ರಿ, ಅಂದಳು. ಮಹೇಶನೂ ಆಕಿ ಕಡೀನೇ." ಆಕೆ ಕವಡಿ ಹಾಕಿದಳು. "ನಾ ಓಣ್ಯಾಗ ನಿಂತು ಒಲ್ಲೆ ಅಂದಾಕಿ. ಸೊಸಿ ಹೇಳಿದ್ದಕ್ಕ ಹಾಕ್ಕೊಂಡ್ರ, ನಾಳಿ ಆಕಿ ಹೇಳಿದಾಗ ಒಲಿ ಹಚ್ಚಬೇಕು, ಹೇಳಿದಾಗ ಆರಿಸಬೇಕು. ನಿನ್ನ ಕೈಲೆ ಸೋತು ಹಾಕ್ಕೊಂಡ್ರ ಮಾತಿಗಿ ನಿಂತಂಗ ಆಗ್ತದ."

"ನನ್ನ ಕಿವ್ಯಾಗ ಒಂದು ಮಾತು ಹಾಕಿದ್ರ ಆಗ್ತಿತ್ತಲ್ಲ."

"ನಿನ್ನ ಕಿವ್ಯಾಗ ಹಾಕಿದ್ದು ನಿನ್ನ ಮಾರಿ ಮ್ಯಾಲ ಬರ್ತದ. ಖರೆ ಮಾತಿನಾಕಿ ನೀನು. ಅವತ್ತು ಎಲ್ಲಾ ಮಣ್ಣುಪಾಲು ಮಾಡ್ತಿದ್ದಿ." ಆಕೆ ಕಾಯಿ ನಡೆಸಿದಳು. "ಒಂದು ಮಾತು ಅಂತೀನಿ, ಸಿಟ್ಟಿಗಿ ಬರಬ್ಯಾಡ. ನೀ ಇಷ್ಟು ಕೆಟ್ಟ ಆಡ್ತಿ ಅಂತ ನನಗ ಗೊತ್ತಿದ್ದಿಲ್ಲ. ಇಪ್ಪತ್ತೆರಡು ವರ್ಷ ಪುಕ್ಕಟ ಸೆರಗು ಸರಿಸೀನಿ. ಸುಮ್ಕ ಕುಂತಿದ್ರೂ ಗೆಲ್ತಿದ್ದೆ."

ನನಗೆ ನಗು ತಡೆಯಲಾಗಲಿಲ್ಲ. ಮಾಸ್ಕಿನೊಳಗೆ ನಕ್ಕು ನಕ್ಕು ಕನ್ನಡಕದ ಮೇಲೆ ಮಂಜು ಕೂತಿತು. ಆಕೆಯೂ ನಕ್ಕಳು. ಎಚ್ಚರ ತಪ್ಪೀತೇನೋ ಅಂತ ನರ್ಸಮ್ಮ ಎರಡು ಸಲ ಬಂದು ನೋಡಿಹೋದಳು.

ಅರ್ಧ ತಾಸು ಮುಗಿಯುವಾಗ ನಾಜಿಯಾ ಚೀಟಿ ತಂದು ಕೊಟ್ಟಳು. "ಎರಡನೇ ಸೂಜಿ ಎಂಬತ್ನಾಕು ದಿನಕ್ಕ ಅದ ರೀ ಅಮ್ಮಾ. ತಪ್ಪಿಸಬ್ಯಾಡ್ರಿ."

ಗುರುಲಿಂಗಮ್ಮಕ್ಕ ಚೀಟಿ ನೋಡಿದಳು, ಹೊರಗೆ ಸಾಲಿನಲ್ಲಿ ನಿಂತಿದ್ದ ನಮ್ಮ ಓಣಿಯವರನ್ನು ನೋಡಿದಳು, ದನಿ ಎತ್ತಿದಳು. "ಎರಡನೇದಾ? ಪಂದ್ಯ ಒಂದಕ್ಕೇ ಆಗಿತ್ತವ್ವ. ಇನ್ನೊಂದು ನಾ ಒಲ್ಲೆ."

ನಾಜಿಯಾ ತಲೆಯ ಮೇಲೆ ಕೈ ಇಟ್ಟುಕೊಂಡು ಹೋದಳು. ಆಕೆ ದೂರ ಹೋದ ಮೇಲೆ ಗುರುಲಿಂಗಮ್ಮಕ್ಕ ನನ್ನ ಕಡೆ ಬಗ್ಗಿ ಮೆಲ್ಲಗೆ ಅಂದಳು:

"ಎಂಬತ್ನಾಕು ದಿನ ಅದ ಅನಸು. ಅಷ್ಟರಾಗ ಜರಾ ಆಡೋದು ಕಲಿ."

ಅಂದವಳೇ ಕವಡಿ ಹಾಕಿದಳು. ಎಂಟು ಬಿತ್ತು. ಬರೋಬ್ಬರಿ ಎಂಟು ಮನೆ ನಡೆದು ಬಂದು ನನ್ನ ಹಸಿರು ಬಳೆಯನ್ನು ಹೊಡೆದು, ಹುಟ್ಟಿದ ಮನೆಗೆ ಕಳಿಸಿದಳು. ಸೆರಗು ಮುಟ್ಟಲಿಲ್ಲ.